ಪೂರ್ತಿ ಕೇಳಿ, ಆಮೇಲೆ ಹೇಳಿ

ರುದ್ರೇಶ್ ಮಹಾಂತಪ್ಪ ಬೋಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಸ್ಯಾಕ್ಸೋಫೋನ್ ಕಲಿಯುತ್ತಿದ್ದಾಗ ಅವರ ಅಣ್ಣ ಒಂದು ಆಲ್ಬಂ ತಂದುಕೊಟ್ಟರು. ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ಕೊಟ್ಟದ್ದು ಅರ್ಧ ತಮಾಷೆಗೆ. ತಮ್ಮ ಜಾಜ್ ಹುಚ್ಚಿನವನು, ಬೆಳೆದದ್ದು ಕೊಲರಾಡೊದ ಬೌಲ್ಡರ್ ಊರಿನಲ್ಲಿ. ಅಂಥವನ ಮುಂದೆ ‘ಇಂಡಿಯನ್ ಸ್ಟೈಲ್’ ಎಂದು ಬರೆದ ಹೊದಿಕೆ ಹಿಡಿದರೆ ನಗು ಬರುವುದು ಸಹಜ. ಆದರೆ ಒಳಗಿದ್ದ ಸಂಗೀತ ತಮಾಷೆಯದಾಗಿರಲಿಲ್ಲ. ನುಡಿಸಿದ್ದವರು ಬಂಟ್ವಾಳದ ಹತ್ತಿರದ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್.

ಕದ್ರಿಯವರ ಕಥೆ ನಮ್ಮವರಿಗೆ ಗೊತ್ತಿರುವಂಥದ್ದೇ. ತಂದೆ ನಾಗಸ್ವರ ನುಡಿಸುವವರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಗಮಕಕ್ಕೆ ಬಗ್ಗದ ಆ ವಾದ್ಯವನ್ನು ತಮಗೆ ಬೇಕಾದ ಹಾಗೆ ಮಾರ್ಪಡಿಸಿಕೊಂಡು, ಅದನ್ನು ಕಛೇರಿಯ ವೇದಿಕೆಗೆ ತಂದು ಕೂರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅದೇ ವರ್ಷ ಬಂದ ‘ಡ್ಯುಯೆಟ್’ ಸಿನಿಮಾದಲ್ಲಿ ಎ.ಆರ್. ರೆಹಮಾನ್ ಅವರ ಸಂಗೀತದೊಳಗೆ ಕೇಳುವ ಸ್ಯಾಕ್ಸೋಫೋನೂ ಅವರದೇ.

ಅಣ್ಣ ಕೊಟ್ಟ ಆ ಆಲ್ಬಂ ತಮ್ಮನ ತಲೆಯಲ್ಲಿ ವರ್ಷಗಟ್ಟಲೆ ಉಳಿಯಿತು. ಮುಂದೆ ಮಹಾಂತಪ್ಪ ಕದ್ರಿಯವರನ್ನು ಹುಡುಕಿಕೊಂಡು ಹೋದರು, ಜೊತೆಗೆ ನುಡಿಸಿದರು. 2008ರಲ್ಲಿ ಇಬ್ಬರ ಹೆಸರಿನಲ್ಲೂ ‘ಕಿನ್ಸ್‌ಮೆನ್’ ಬಂತು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ, ಗಿಟಾರಿನಲ್ಲಿ ರೆಜ್ ಅಬ್ಬಾಸಿ. ನಾನು ಇತ್ತೀಚೆಗೆ ಮತ್ತೆ ಮತ್ತೆ ಕೇಳುತ್ತಿರುವುದು ಇದನ್ನೇ. ಒಂದೇ ಜಾತಿಯ ವಾದ್ಯ, ಎರಡು ಬೇರೆ ಉಸಿರು. ಮಹಾಂತಪ್ಪನವರ ಸ್ವರಕ್ಕೆ ಅಂಚಿದೆ, ಕೊಯ್ದ ಹಾಗೆ ಬರುತ್ತದೆ. ಕದ್ರಿಯವರದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ, ಅಲ್ಲಿ ತುಸು ತೂಗಾಡಿ, ಆಮೇಲೆ ಕೂರುತ್ತದೆ. ಇಬ್ಬರೂ ಒಂದೇ ಸಾಲನ್ನು ಜೊತೆಯಾಗಿ ಎತ್ತಿಕೊಂಡಾಗ ಕೂದಲೆಳೆಯಷ್ಟು ಅಂತರ ಉಳಿದೇ ಉಳಿಯುತ್ತದೆ. ಇಡೀ ಆಲ್ಬಮ್ಮಿನ ಕಸು ಇರುವುದು ಆ ಅಂತರದಲ್ಲಿ. ನಡುನಡುವೆ ಒಬ್ಬೊಬ್ಬರೇ ನುಡಿಸುವ ಪುಟ್ಟ ಆಲಾಪಗಳನ್ನಿಟ್ಟಿದ್ದಾರೆ. ಅವು ಮುಂದಿನ ರಚನೆಗೆ ಬಾಗಿಲು ತೆರೆಯುತ್ತವೆ. ಫೋನಿನ ‘ಷಫಲ್’ ಗುಂಡಿ ಒತ್ತಿ ಕಲಸಿಬಿಟ್ಟರೆ ಬಾಗಿಲೊಂದು ಕಡೆ, ಮನೆಯೊಂದು ಕಡೆ.

ನನಗೆ ಈ ಆಲ್ಬಂ ಸಿಕ್ಕಿದ್ದೂ ಹೀಗೇ, ಒಬ್ಬರ ಮಾತಿನಿಂದ. ವಾರಕ್ಕೊಮ್ಮೆ ಕಾಫಿಗೆ ಸೇರುವ ನಾಲ್ಕೈದು ಜನರಲ್ಲಿ ‘ಈಚೆಗೆ ಏನು ಕೇಳ್ತಾ ಇದ್ದೀರಿ?’ ಎಂಬ ಪ್ರಶ್ನೆ ಯಾವಾಗಲೋ ರೂಢಿಯಾಗಿಬಿಟ್ಟಿದೆ. ಹಾಡಿನ ಹೆಸರು ಹೇಳುವವರಿದ್ದಾರೆ. ಅದು ಸುಲಭ, ಅಲ್ಲೇ ಕೇಳಿ ‘ಚೆನ್ನಾಗಿದೆ’ ಎನ್ನಬಹುದು. ಆಲ್ಬಂ ಹೆಸರು ಹೇಳುವವರು ಬೇರೆ ಜಾತಿ. ಅವರು ನಮ್ಮ ಮುಕ್ಕಾಲು ಗಂಟೆ ಕೇಳುತ್ತಿದ್ದಾರೆ, ತಾವು ಕೇಳಿದ ಕ್ರಮದಲ್ಲೇ ನಾವೂ ಕೇಳಬೇಕೆಂದು ಬಯಸುತ್ತಿದ್ದಾರೆ. ಹಿಡಿಸದ ಮೂರನೆಯ ಹಾಡನ್ನೂ ದಾಟಿಕೊಂಡು ಬನ್ನಿ, ನಾಲ್ಕನೆಯದರಲ್ಲಿ ವಿಷಯವಿದೆ ಎನ್ನುತ್ತಿದ್ದಾರೆ. ಅದು ದೊಡ್ಡ ಬೇಡಿಕೆಯೇ. ಹೇಳುವವರ ಮೇಲೆ ಭರವಸೆ ಇದ್ದರೆ ಮಾತ್ರ ನಡೆಯುವ ವ್ಯವಹಾರ.

ಈ ವ್ಯವಹಾರ ನಮ್ಮ ಸಂಗೀತದಲ್ಲಿ ಹೊಸದೇನಲ್ಲ. ಗದಗದ ಸಂಗತಿಯನ್ನೇ ನೋಡಿ. ಅಂಗಡಿಯಲ್ಲಿ ಹಾಕಿದ ಗ್ರಾಮಾಫೋನ್ ಪ್ಲೇಟಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿ ಭೀಮಸೇನ ಜೋಶಿ ಎಂಬ ಹುಡುಗ ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೋದದ್ದು ಎಲ್ಲರೂ ಹೇಳುವ ಕಥೆ. ಆ ಪ್ಲೇಟಿನಲ್ಲಿದ್ದ ಸಂಗೀತ ಎಷ್ಟು ಹೊತ್ತಿನದು? ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಅದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಹುಡುಗ ಗ್ವಾಲಿಯರ್, ಅಲ್ಲಿ ಇಲ್ಲಿ ಸುತ್ತಿ ಕಡೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ. ಅವರು ಕರೀಂ ಖಾನರ ಶಿಷ್ಯರೇ. ಪ್ಲೇಟು ತೋರಿಸಿದ ದಾರಿ ಪ್ಲೇಟಿನ ಮನೆಗೇ ಮುಟ್ಟಿಸಿತು ಅನ್ನಿ. ಅತ್ತ ಬೆಳಗಾವಿ ಸೀಮೆಯ ಸುಳೇಭಾವಿಯ ಹುಡುಗ ಶಿವಪುತ್ರ ದೊಡ್ಡ ಗಾಯಕರ ಪ್ಲೇಟುಗಳನ್ನು ಕೇಳಿ, ತಾನು ಹಾಡಿದರೆ ಪ್ಲೇಟೇ ಹಾಡಿದ ಹಾಗೆ ಒಪ್ಪಿಸುತ್ತಿದ್ದ. ಆತನೇ ಮುಂದೆ ಕುಮಾರ ಗಂಧರ್ವ. ತನ್ನ ದಾರಿ ಹಿಡಿದಮೇಲೆ ಯಾರ ಹಾಗೂ ಹಾಡಲಿಲ್ಲ ಎಂಬುದು ಬೇರೆ ಮಾತು.

ಆಗಿನ ಪ್ಲೇಟು ಒಬ್ಬರ ಆಸ್ತಿಯಾಗಿದ್ದರೂ ಕೇಳ್ಮೆ ಊರಿನದು. ಗ್ರಾಮಾಫೋನ್ ಇದ್ದ ಅಂಗಡಿಯ ಮುಂದೆ, ಅನುಕೂಲಸ್ಥರ ಜಗಲಿಯ ಮೇಲೆ ಜನ ನಿಂತು ಕೇಳುತ್ತಿದ್ದರು. ಹಂಚಿಕೊಳ್ಳುವುದೆಂದರೆ ಕಿಟಕಿ ತೆರೆದಿಡುವುದು, ಅಷ್ಟೇ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಲಾಂಗ್ ಪ್ಲೇ ರೆಕಾರ್ಡು ಮೂರು ನಿಮಿಷದ ಕಟ್ಟು ಸಡಿಲಿಸಿತು. ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಜಾಗ. ಬಿಡಿ ಹಾಡುಗಳ ಬದಲು ಒಂದು ಇಡೀ ಯೋಚನೆಯನ್ನು ಮುದ್ರಿಸಬಹುದೆಂಬುದು ನಮ್ಮವರಿಗೆ ನಿಧಾನವಾಗಿ ಹೊಳೆಯಿತು. ಹೊಳೆದಾಗ 1967ರಲ್ಲಿ ‘ಕಾಲ್ ಆಫ್ ದ ವ್ಯಾಲಿ’ ಹುಟ್ಟಿತು. ಸಂತೂರಿನಲ್ಲಿ ಶಿವಕುಮಾರ ಶರ್ಮ, ಕೊಳಲಿನಲ್ಲಿ ಹರಿಪ್ರಸಾದ್ ಚೌರಾಸಿಯಾ, ಗಿಟಾರಿನಲ್ಲಿ ಬ್ರಿಜ್ ಭೂಷಣ್ ಕಾಬ್ರಾ, ತಬಲಾದಲ್ಲಿ ಮಾಣಿಕರಾವ್ ಪೋಪಟ್ಕರ್. ಕಾಶ್ಮೀರ ಕಣಿವೆಯ ಒಬ್ಬ ಕುರುಬನ ಒಂದು ದಿನ, ಬೆಳಗಿನಿಂದ ರಾತ್ರಿಯ ತನಕ: ಅಹಿರ್ ಭೈರವ, ನಟ ಭೈರವದಲ್ಲಿ ಶುರುವಾಗಿ, ಪೀಲೂ, ಭೂಪ, ದೇಸ್ ದಾಟಿ ಪಹಾಡಿಗೆ ಬಂದು ನಿಲ್ಲುತ್ತದೆ. ರಾಗಗಳ ಹೊತ್ತುಗೊತ್ತಿನ ನಮ್ಮ ಹಳೆಯ ನಂಬಿಕೆಯೇ ಇಲ್ಲಿ ಹಾಡುಗಳ ಕ್ರಮವಾಗಿದೆ. ಬುದ್ಧಿವಂತ ಯೋಜನೆ. ರಾಗದ ಹೆಸರು ಒಂದೂ ಗೊತ್ತಿಲ್ಲದವರಿಗೂ ಬೆಳಕು ಏರಿ ಇಳಿದದ್ದು ಕಿವಿಗೆ ತಿಳಿಯುತ್ತದೆ. ಶಾಸ್ತ್ರೀಯ ಸಂಗೀತ ಕೇಳಿ ಅಭ್ಯಾಸವಿಲ್ಲ ಎನ್ನುವವರಿಗೆ ಕೊಡಲು ಇಷ್ಟು ವರ್ಷಗಳಾದರೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ‘ತುಂಬ ಸಿಹಿ’ ಎಂದು ಮೂಗು ಮುರಿಯುವ ಗೆಳೆಯರಿದ್ದಾರೆ. ಇರಲಿ, ಅವರಿಗೆ ಮಲ್ಲಿಕಾರ್ಜುನ ಮನ್ಸೂರರಿದ್ದಾರೆ.

ಕನ್ನಡದ ಮಟ್ಟಿಗೆ ಆಲ್ಬಂ ಎಂಬ ಕಲ್ಪನೆ ಬಲಿತದ್ದು ಕ್ಯಾಸೆಟ್ಟಿನಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಪುಟ್ಟ ಡಬ್ಬಿ ನಮ್ಮ ಮನೆಗಳಿಗೆ ಧಾರಾಳವಾಗಿ ಬಂದದ್ದು ಎಂಬತ್ತರ ದಶಕದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 1978ರಲ್ಲಿ, ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸುತ್ತಾರೆ. ಭೂವಿಜ್ಞಾನದ ಮೇಷ್ಟ್ರು ಬರೆದ ಪದ್ಯಗಳು ಶಾಲೆಯ ವಾರ್ಷಿಕೋತ್ಸವ, ಗಣೇಶನ ಪೆಂಡಾಲು, ನವೆಂಬರಿನ ಮೈಕುಗಳಿಗೆಲ್ಲ ಹಬ್ಬಿದವು. ಪುಸ್ತಕವನ್ನು ತೆರೆದು ನೋಡದವರಿಗೂ ಪದ್ಯ ಬಾಯಿಪಾಠ.

ಆಮೇಲೆ ಬಂದ ಭಾವಗೀತೆಯ ಕ್ಯಾಸೆಟ್ಟುಗಳನ್ನು ನೋಡಿದರೆ ಒಂದು ಅಚ್ಚು ಕಾಣುತ್ತದೆ. ಒಬ್ಬ ಕವಿ, ಒಬ್ಬ ಸಂಯೋಜಕ, ಎಂಟೋ ಹತ್ತೋ ಗೀತೆ. 1942ರಲ್ಲಿ ಪುಸ್ತಕವಾಗಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನು ಸಿ. ಅಶ್ವತ್ಥ್ ದಶಕಗಳ ನಂತರ ಕ್ಯಾಸೆಟ್ಟಿನಲ್ಲಿ ಮತ್ತೆ ಅರಳಿಸಿದರು. ಶಿಶುನಾಳ ಶರೀಫರ ತತ್ವಪದಗಳಿಗೂ ಅವರ ಕಂಠದಿಂದ ಹೊಸ ಕೇಳುಗರು ದಕ್ಕಿದರು. ಅಂದರೆ ಕನ್ನಡದ ಆಲ್ಬಂ ಹುಟ್ಟಿದ್ದು ಸಿನಿಮಾ ಹಾಡುಗಳ ಕಂತೆಯಿಂದಲ್ಲ, ಕವನ ಸಂಕಲನದಿಂದ. ಆದ್ದರಿಂದಲೇ ಅದರಲ್ಲಿ ಕ್ರಮಕ್ಕೆ ಬೆಲೆ ಇತ್ತು, ಕವಿಯ ಹೆಸರಿಗೆ ಗಾಯಕನ ಹೆಸರಿನಷ್ಟೇ ಜಾಗವಿತ್ತು. ಆಕಾಶವಾಣಿಯಲ್ಲೂ ಅಷ್ಟೆ: ರಚನೆ ಇಂಥವರದು, ಸಂಗೀತ ಸಂಯೋಜನೆ ಇಂಥವರದು, ಗಾಯನ ಇಂಥವರದು ಎಂದು ಹೇಳಿಯೇ ಗೀತೆ ಶುರು.

ಕೊಂಡ ಕ್ಯಾಸೆಟ್ಟಿನ ಕಥೆ ಇದು. ಕೊಳ್ಳದ ಕ್ಯಾಸೆಟ್ಟಿನ ಕಥೆ ಇನ್ನೂ ರಂಗು. ಪಟ್ಟಿ ಬರೆದು ಖಾಲಿ ಕ್ಯಾಸೆಟ್ ಜೊತೆ ಕೊಟ್ಟರೆ ಹಾಡು ತುಂಬಿಸಿಕೊಡುವ ರೆಕಾರ್ಡಿಂಗ್ ಅಂಗಡಿ ಊರೂರಲ್ಲಿತ್ತು. ಕಾನೂನಿನ ಪ್ರಕಾರ ಅದು ತಪ್ಪು, ಎಲ್ಲರಿಗೂ ಗೊತ್ತು, ಯಾರೂ ಬಿಡಲಿಲ್ಲ. ಎರಡು ಕ್ಯಾಸೆಟ್ ಹಿಡಿಸುವ ಟೂ ಇನ್ ಒನ್ ಮನೆಗೆ ಬಂದಮೇಲೆ ಅಂಗಡಿಯೂ ಬೇಡವಾಯಿತು. ಅರವತ್ತು ನಿಮಿಷದ್ದಕ್ಕಿಂತ ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೇ ಸಂಗೀತದ ಹುಚ್ಚಿನವರು ಬೀಳುತ್ತಿದ್ದುದಕ್ಕೆ ಕಾರಣವಿತ್ತು. ಒಂದೊಂದು ಕಡೆಗೆ ನಲವತ್ತೈದು ನಿಮಿಷ, ಅಂದರೆ ಒಂದು ಪೂರ್ತಿ ರೆಕಾರ್ಡು. ಎ ಕಡೆ ಒಂದು ಆಲ್ಬಂ, ಬಿ ಕಡೆ ಇನ್ನೊಂದು. ಯಾವುದರ ಬೆನ್ನಿಗೆ ಯಾವುದು ಎಂಬುದರಲ್ಲಿ ಕೊಡುವವರ ಅಭಿರುಚಿ ಬಯಲಾಗುತ್ತಿತ್ತು. ಗಂಗೂಬಾಯಿ ಹಾನಗಲ್ಲರ ಬೆನ್ನಿಗೆ ಬಸವರಾಜ ರಾಜಗುರು ಎಂದರೆ ಒಂದು ಲೆಕ್ಕ. ಗಂಗೂಬಾಯಿಯವರ ಬೆನ್ನಿಗೆ ಇಳಯರಾಜ ಎಂದರೆ ಬೇರೆಯೇ ಮನುಷ್ಯ. ರೆಕಾರ್ಡು ಮುಗಿದ ಮೇಲೂ ಟೇಪಿನ ತುದಿಯಲ್ಲಿ ನಾಲ್ಕೈದು ನಿಮಿಷ ಮಿಕ್ಕುತ್ತಿತ್ತು. ಅದನ್ನು ಖಾಲಿ ಬಿಡಲು ಮನಸ್ಸು ಬರುತ್ತಿರಲಿಲ್ಲ. ಒಂದು ವಚನವೋ ದೇವರನಾಮವೋ ತುರುಕುವುದು, ಅದೂ ಅರ್ಧಕ್ಕೆ ಕಟ್. ಒಮ್ಮೆ ಹಾಗೆ ಕೇಳಿ ಅಭ್ಯಾಸವಾದರೆ ಆ ದೇವರನಾಮವನ್ನು ಯಾರು ಪೂರ್ತಿ ಹಾಡಿದರೂ ಕಿವಿ ಅರ್ಧಕ್ಕೇ ಎದ್ದು ಹೊರಡಲು ಸಿದ್ಧವಾಗುತ್ತದೆ. ತುಂಬಿಸಿಯಾದ ಮೇಲೆ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯುವುದು, ಇಲ್ಲದಿದ್ದರೆ ಮನೆಯ ಮಕ್ಕಳು ಅದರ ಮೇಲೆ ತಮ್ಮ ಕೂಗಾಟ ಮುದ್ರಿಸಿಟ್ಟಾರೆಂಬ ಭಯ. ಒಳಗಿನ ಚೀಟಿಯಲ್ಲಿ ರಾಗ, ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು, ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ. ಎರವಲು ಕೊಡುವಾಗ ಒಂದೇ ಷರತ್ತು: ಪೂರ್ತಿ ಕೇಳಿ ವಾಪಸ್ ಕೊಡಿ.

ಆ ಕಾಲದ ಶಬ್ದವನ್ನು ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ನಕಲಿನ ನಕಲಿನಲ್ಲಿ ತಂಬೂರಿಗಿಂತ ಟೇಪಿನ ಸುಯ್ಯೆಂಬ ಸದ್ದೇ ಜೋರು. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಇಟ್ಟರೆ ಸುರುಳಿ ಹಿಗ್ಗಿ ಹಾಳು. ಹೆಡ್ಡಿಗೆ ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸುವ ಶ್ರಮವೂ ನನಗೆ ಬೇಡ. ಅಲ್ಲಿದ್ದ ಲಾಭವೆಂದರೆ ಬಡತನದ್ದು: ಮನೆಯಲ್ಲಿದ್ದದ್ದೇ ಹತ್ತು ಹನ್ನೆರಡು ಕ್ಯಾಸೆಟ್ಟು, ಹಾಡು ಹಾರಿಸಲು ಹೋದರೆ ಟೇಪು ಸಿಕ್ಕಿಹಾಕಿಕೊಳ್ಳುತ್ತಿತ್ತು, ಹಾಗಾಗಿ ಹಿಡಿಸದ್ದನ್ನೂ ಕೇಳಿದೆವು. ಕೇಳುತ್ತ ಕೇಳುತ್ತ ಅದೇ ಹಿಡಿಸಿತು.

ಕರಾವಳಿಯಲ್ಲಿ ಈ ಕೈಬದಲಾವಣೆಗೆ ಇನ್ನೊಂದೇ ರೂಪ. ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಹೆಚ್ಚು ವಯಸ್ಸಾಗಿರಲಿಲ್ಲ. ಅವರ ಪದ್ಯಗಳ ಕ್ಯಾಸೆಟ್ಟುಗಳು ಆಮೇಲೂ ಉಡುಪಿ, ಕುಂದಾಪುರ, ಶಿವಮೊಗ್ಗದ ಅಂಗಡಿಗಳಲ್ಲಿ, ಬೊಂಬಾಯಿಯ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತಿರುಗುತ್ತಲೇ ಇದ್ದವು. ಅವರ ಆಟವನ್ನು ಕಣ್ಣಾರೆ ಕಾಣದ ತಲೆಮಾರು ಅವರ ಶೈಲಿಯನ್ನು ಕಲಿತದ್ದು ಹೀಗೆ. ತಾಳಮದ್ದಲೆಯಲ್ಲಂತೂ ಮಾತೇ ಸಂಗೀತದಷ್ಟು ಮುಖ್ಯ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಲು ಒಂದು ಕ್ಯಾಸೆಟ್ ಸಾಲದು, ಕಟ್ಟೇ ಬೇಕು. ಈಗ ಅವೇ ಪೆನ್‌ಡ್ರೈವಿಗೆ ಇಳಿದು ಅಡಿಕೆ ಸುಲಿಯುವ ಅಂಗಳದಲ್ಲಿ, ಘಾಟಿ ಹತ್ತುವ ಲಾರಿಯಲ್ಲಿ ಮೊಳಗುತ್ತವೆ. ಆಲ್ಬಂ ಸತ್ತಿತು ಎಂದು ಬರೆಯುವ ಪೇಟೆಯ ಸಂಗೀತ ವಿಮರ್ಶಕರು ಒಮ್ಮೆ ಅಂಥ ಅಂಗಳದಲ್ಲಿ ಕೂತು ಬರಬೇಕು. ಅಲ್ಲಿ ಒಂದು ಪ್ರಸಂಗವನ್ನು ಮೂರು ಗಂಟೆ ಒಂದೇ ಓಟದಲ್ಲಿ ಕೇಳುವವರಿದ್ದಾರೆ, ನಡುವೆ ಯಾರಾದರೂ ಮುಂದಕ್ಕೆ ಓಡಿಸಿದರೆ ಬೈಯುತ್ತಾರೆ.

ಪೇಟೆಯ ಕಥೆ ಬೇರೆ ಎಂಬುದೂ ನಿಜ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರುವರಿಯಲ್ಲಿ. ಅದಕ್ಕೂ ಮುಂಚೆ ಸಾವನ್, ಗಾನಾ ಇದ್ದವು. ತಿಂಗಳಿಗೆ ಒಂದು ಹೋಟೆಲ್ ಊಟದ ದುಡ್ಡಿಗೆ ಜಗತ್ತಿನ ಸಂಗೀತವೆಲ್ಲ ಜೇಬಿನಲ್ಲಿ. ಇದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬರ್ಕ್ಲಿಯ ಹುಡುಗನಿಗೆ ಅಣ್ಣ ತಂದುಕೊಡಬೇಕಾಗಿದ್ದದ್ದು ಈಗ ಹುಬ್ಬಳ್ಳಿಯ ಹುಡುಗಿಗೆ ಎರಡು ಅಕ್ಷರ ಒತ್ತಿದರೆ ಸಿಗುತ್ತದೆ. ಆದರೆ ಯಂತ್ರದ ಲೆಕ್ಕಾಚಾರ ಹಾಡನ್ನು ಬಿಡಿಬಿಡಿಯಾಗಿಯೇ ಎಣಿಸುತ್ತದೆ. ಸ್ಪಾಟಿಫೈ ಒಂದು ಹಾಡನ್ನು ‘ಕೇಳಿದರು’ ಎಂದು ಲೆಕ್ಕಕ್ಕೆ ಹಿಡಿಯಬೇಕಾದರೆ ಕನಿಷ್ಠ 30 ಸೆಕೆಂಡು ಓಡಬೇಕು. ಹಾಗಾಗಿ ಆ 30 ಸೆಕೆಂಡಿನೊಳಗೆ ಕೇಳುಗನ ಕೊರಳಪಟ್ಟಿ ಹಿಡಿಯುವ ಆತುರ ಹೊಸ ಹಾಡುಗಳಲ್ಲಿ ಎದ್ದು ಕಾಣುತ್ತದೆ. ಮನ್ಸೂರರು ಈ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರು, ಅವರು ಆಲಾಪದಲ್ಲಿ ಹೊತ್ತು ಕಳೆಯದೆ ಸೀದಾ ಬಂದಿಶಿಗೆ ಇಳಿಯುವವರು. ನಿಧಾನವಾಗಿ ರಾಗದ ಬುಡದಿಂದ ಏಳುವವರ ಗತಿ ಏನು?

ಕ್ರಮದ ವಿಷಯದಲ್ಲಿ ಒಂದು ಜಗಳ ಗೆದ್ದದ್ದೂ ಉಂಟು. 2021ರ ನವೆಂಬರಿನಲ್ಲಿ ಇಂಗ್ಲೆಂಡಿನ ಗಾಯಕಿ ಅಡೆಲ್ ತಮ್ಮ ‘30’ ಆಲ್ಬಂ ಬಂದ ಹೊತ್ತಿಗೆ, ಹಾಡುಗಳನ್ನು ನಾವು ಯೋಚಿಸಿ ಜೋಡಿಸಿರುತ್ತೇವೆ, ಅದೇ ಕ್ರಮದಲ್ಲಿ ಕೇಳಿಸಿ ಎಂದು ಪಟ್ಟು ಹಿಡಿದರು. ಆಲ್ಬಂ ಪುಟದಲ್ಲಿ ಎದುರಿಗೇ ಇದ್ದ ಷಫಲ್ ಗುಂಡಿಯನ್ನು ಸ್ಪಾಟಿಫೈ ಹಿಂದಕ್ಕೆ ಸರಿಸಿತು. ನಮ್ಮ ಭಾವಗೀತೆಯವರ ಪರವಾಗಿ ಪಟ್ಟು ಹಿಡಿಯುವವರು ಮಾತ್ರ ಇನ್ನೂ ಬಂದಿಲ್ಲ. ಹಳೆಯ ಕನ್ನಡ ಧ್ವನಿಸುರುಳಿಗಳನ್ನು ಫೋನಿನಲ್ಲಿ ಹುಡುಕಿದರೆ ಎಷ್ಟೋ ಕಡೆ ಕವಿಯ ಹೆಸರೇ ಇರುವುದಿಲ್ಲ. ಬೇಂದ್ರೆಯವರದೋ ಜಿ.ಎಸ್. ಶಿವರುದ್ರಪ್ಪನವರದೋ ಎಂಬುದನ್ನು ಮೊದಲೇ ಗೊತ್ತಿದ್ದವರು ಮಾತ್ರ ಬಲ್ಲರು. ಪಕ್ಕವಾದ್ಯದವರಂತೂ ಅಜ್ಞಾತವಾಸದಲ್ಲಿದ್ದಾರೆ. ಬಾಲ್‌ಪೆನ್ನಿನಲ್ಲಿ ಬರೆದ ಚೀಟಿಯಲ್ಲಿ ಇದ್ದದ್ದು ಇಷ್ಟು ದೊಡ್ಡ ಯಂತ್ರದಲ್ಲಿ ಇಲ್ಲವಲ್ಲ ಎಂಬುದೇ ನನ್ನ ದೂರು. ಹೀಗಾಗಿ ಆಲ್ಬಂ ಕಳಿಸುವಾಗ ಕೊಂಡಿಯ ಕೆಳಗೆ ಎರಡು ಸಾಲು ಬರೆಯುವ ಚಟ ಹತ್ತಿಸಿಕೊಂಡಿದ್ದೇನೆ: ಯಾರು ಬರೆದದ್ದು, ಯಾರು ನುಡಿಸಿದ್ದು, ಯಾಕೆ ಕೇಳಬೇಕು. ಆ ‘ಯಾಕೆ’ ಬರೆಯಲು ಆಗದಿದ್ದರೆ ಕಳಿಸುವುದೇ ಇಲ್ಲ.

ಆ ಚಟದ ಮೊದಲ ಗಿರಾಕಿ ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಾನೆ, ಗಿಟಾರ್ ಬಾರಿಸುತ್ತಾನೆ, ಶಾಸ್ತ್ರೀಯ ಎಂದರೆ ದೂರ. ‘ಕಾಲ್ ಆಫ್ ದ ವ್ಯಾಲಿ’ ಕಳಿಸಿದೆ. ರಾಗದ ಬಗ್ಗೆ ಒಂದಕ್ಷರ ಬರೆಯಲಿಲ್ಲ, ‘ಒಂದು ದಿನ, ಐದು ಭಾಗ, ನಡುವೆ ಎದ್ದು ಹೋಗಬೇಡ’ ಎಂದಷ್ಟೇ ಬರೆದೆ. ಕೆಲವು ದಿನ ಸದ್ದಿಲ್ಲ. ಆಮೇಲೆ ಫೋನು.

‘ಮಾವ, ಆ ಗಿಟಾರ್ ಯಾರದು? ಕೈಯಲ್ಲಿ ಹಿಡ್ಕೊಂಡು ಬಾರಿಸಿದ ಹಾಗೆ ಇಲ್ವಲ್ಲ.’

ಹುಡುಗನ ಕಿವಿ ಚುರುಕು. ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುತ್ತಿದ್ದರು. ಮೀಂಡ್ ಬರುವುದು ಅದರಿಂದ. ಅವನಿಗೆ ಬೇಕಾದದ್ದು ಸಂತೂರೂ ಅಲ್ಲ ಕೊಳಲೂ ಅಲ್ಲ, ಆ ಜಾರು ಎಂದು ಗೊತ್ತಾದಮೇಲೆ ಮುಂದಿನದನ್ನು ಆರಿಸುವುದು ಕಷ್ಟವಾಗಲಿಲ್ಲ: ‘ಎ ಮೀಟಿಂಗ್ ಬೈ ದ ರಿವರ್’. ತಮ್ಮ ಮೋಹನವೀಣೆಯೊಂದಿಗೆ ವಿಶ್ವಮೋಹನ ಭಟ್, ಸ್ಲೈಡ್ ಗಿಟಾರಿನಲ್ಲಿ ಅಮೆರಿಕದ ರೈ ಕೂಡರ್. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ 1992ರಲ್ಲಿ ಮುದ್ರಿಸಿದ್ದು, 1993ರಲ್ಲಿ ಬಂತು, ಮರುವರ್ಷ ಗ್ರ್ಯಾಮಿ ಪಡೆಯಿತು. ನುಡಿಸಲು ಕೂರುವುದಕ್ಕೆ ಸ್ವಲ್ಪವೇ ಹೊತ್ತಿನ ಮುಂಚೆ ಇಬ್ಬರೂ ಮೊದಲ ಸಲ ಮುಖ ನೋಡಿದ್ದರು. ತಬಲಾದಲ್ಲಿ ಸುಖ್ವಿಂದರ್ ಸಿಂಗ್, ಜೊತೆಗೆ ಒಂದು ಪುಟ್ಟ ಅರಬ್ಬೀ ತಾಳವಾದ್ಯ ಹಿಡಿದ ಕೂಡರ್ ಅವರ ಮಗ, ಆಗಿನ್ನೂ ಹೈಸ್ಕೂಲು ವಯಸ್ಸಿನ ಹುಡುಗ. ನಾಲ್ಕೇ ರಚನೆ, ಸುಮಾರು ನಲವತ್ತು ನಿಮಿಷ. ಒಬ್ಬ ಒಂದು ಮಾತು ಎತ್ತಿದರೆ ಇನ್ನೊಬ್ಬ ಅಡ್ಡಬಾಯಿ ಹಾಕದೆ ಮುಗಿಯುವ ತನಕ ಕಾಯುತ್ತಾನೆ. ಟಿವಿ ಚರ್ಚೆಗಳನ್ನು ನೋಡಿ ದಣಿದವರಿಗೆ ಇದಕ್ಕಿಂತ ಒಳ್ಳೆಯ ಮದ್ದು ಬೇಡ.

ಹುಡುಗ ಇದನ್ನು ಕೇಳಿ ಸುಮ್ಮನಾಗಲಿಲ್ಲ, ತಿರುಗಿ ಒಂದನ್ನು ಕಳಿಸಿದ. ರಘು ದೀಕ್ಷಿತರ 2008ರ ಮೊದಲ ಆಲ್ಬಂ, ವಿಶಾಲ್-ಶೇಖರ್ ಜೋಡಿ ತಮ್ಮದೇ ಸಂಸ್ಥೆಯಿಂದ ಹೊರತಂದದ್ದು. ಹಿಂದಿ, ಇಂಗ್ಲಿಷ್ ಹಾಡುಗಳ ಸಾಲಿನಲ್ಲಿ ಶಿಶುನಾಳ ಶರೀಫರು ಆರಾಮಾಗಿ ಕೂತಿದ್ದಾರೆ. ಅದರಲ್ಲಿನ ಒಂದೆರಡು ಹಾಡು ಮದುವೆ ಮಂಟಪ, ಕಾಲೇಜು ಉತ್ಸವಗಳಲ್ಲಿ ನನ್ನ ಕಿವಿಗೆ ಬೇಡಬೇಡವೆಂದರೂ ಬಿದ್ದಿವೆ. ಆಲ್ಬಂ ಎಂದು ಕೂತು ಕೇಳಿರಲಿಲ್ಲ. ಕೆಳಗೆ ಅವನೂ ಎರಡು ಸಾಲು ಬರೆದಿದ್ದ: ‘ಅಶ್ವತ್ಥ್ ಹಾಡಿದ್ದು ಮನಸ್ಸಿಂದ ತೆಗೆದಿಟ್ಟು ಕೇಳಿ ಮಾವ. ಹೋಲಿಸಬೇಡಿ.’

ಹೋಲಿಸದೆ ಇರುವುದು ನನ್ನ ವಯಸ್ಸಿನವರಿಗೆ ಸುಲಭವಲ್ಲ. ಅಶ್ವತ್ಥರಲ್ಲಿ ಶರೀಫರ ಪದ ಒಬ್ಬ ಮನುಷ್ಯನ ಎದೆಯ ಗುದ್ದಾಟ. ದೀಕ್ಷಿತರಲ್ಲಿ ಅದು ಕೇರಿಯ ಕುಣಿತ. ಪಿಟೀಲು, ಗಿಟಾರು, ಗಂಟಲು ಮೂರೂ ಒಟ್ಟಿಗೆ ಬೀದಿಗಿಳಿದಿವೆ. ತತ್ವಪದವನ್ನು ಭಜನೆಯ ಗುಂಪಿನಲ್ಲಿ ಹಾಡಿ ಬೆಳೆಸಿದ ಊರುಗಳಿಗೆ ಎರಡನೆಯದೂ ಅಪರಿಚಿತವೇನಲ್ಲ. ಹೀಗೆಂದು ಬರೆದು ಕಳಿಸಿದ್ದೇನೆ. ‘ಇಂಗ್ಲಿಷ್ ಹಾಡಿನ ಬಗ್ಗೆ ಏನೂ ಹೇಳಲೇ ಇಲ್ಲ, ಹಾರಿಸಿಬಿಟ್ರಾ?’ ಎಂದು ಕೇಳಿದ್ದಾನೆ. ಇನ್ನೂ ಉತ್ತರಿಸಿಲ್ಲ, ಭಾನುವಾರ ಕೂತು ಕೇಳಬೇಕು.